ಆನ್‌ಲೈನ್ ಹರಾಜಲ್ಲಿ ಹಳೇ ಅಕೌಸ್ಟಿಕ್ ಗಿಟಾರ್, ಕಾರವಾರದ ತನಕ ಸರಿಯಾಗಿ ಬರ್ತದಾ?

ಕೋಡಿಬಾಗ ಕಾರ್ಡ್ಸ್
ಎಲ್ಲರಿಗೂ ನಮಸ್ಕಾರ. ಒಂದು ಹಳೇ ಯಮಹಾ ಎಫ್‌ಜಿ-180 ಮೇಲೆ ಕಣ್ಣು ಬಿದ್ದಿದೆ, ಸೆಲ್ಲರ್ ಅಮೆರಿಕದವ, ಹರಾಜು ಆದಿತ್ಯವಾರ ರಾತ್ರಿ ಮುಗೀತದೆ. ಒಳಗಡೆ ಕೆಂಪು ಲೇಬಲ್, ನಿಪ್ಪಾನ್ ಗಾಕ್ಕಿ ಅಂತ ಬರೆದಿದೆ. ಈಗ ಬಿಡ್ 140 ಡಾಲರಲ್ಲಿ ನಿಂತಿದೆ, ಶಿಪ್ಪಿಂಗ್ 180 ತೋರಿಸ್ತಾ ಇದೆ. ಫೋಟೋ ಎಂಟು ಹಾಕಿದಾನೆ, ಎಲ್ಲಾ ಎದುರಿಂದ್ಲೇ ತೆಗ್ದದ್ದು, ಚಂದ ಕಾಣ್ತದೆ. ಡಿಸ್ಕ್ರಿಪ್ಶನ್‌ನಲ್ಲಿ "ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ" ಅಂತ ಮಾತ್ರ. ತಗೊಳ್ಬಹುದಾ? ಕಾರವಾರಕ್ಕೆ ಬರೋ ಹೊತ್ತಿಗೆ ಎರಡು ತುಂಡಾಗಿ ಬಂದ್ರೆ ಎಂತ ಮಾಡೋದು? ಮತ್ತೆ ಗಿಟಾರಲ್ಲಿ ರೋಸ್‌ವುಡ್ ಮರ ಇದ್ರೆ ಕಸ್ಟಮ್ಸ್‌ನವ್ರು ಹಿಡೀತಾರೆ ಅಂತ ಒಬ್ರು ಹೆದರಿಸಿದ್ರು, ಅದು ಹೌದಾ?

ಬೈತಖೋಲ್ ಬಾಸ್
ಮೊದಲು ಲೆಕ್ಕ ಹಾಕು ಮಾರಾಯ. 140 ಡಾಲರಿಗೆ ಗಿಟಾರ್ ಅಂತ ತಲೇಲಿ ಇಟ್ಕೊಂಡ್ರೆ ಆಯ್ತು ಕತೆ. ಕಸ್ಟಮ್ಸ್ ಡ್ಯೂಟಿ ಬರೀ 140ರ ಮೇಲೆ ಬೀಳೋದಲ್ಲ, ಸಾಮಾನಿನ ಬೆಲೆ, ಸಾಗಾಟ, ಇನ್ಶೂರೆನ್ಸ್ ಮೂರೂ ಕೂಡಿಸಿದ ಮೊತ್ತದ ಮೇಲೆ. ಅಂದ್ರೆ ಇನ್ಶೂರೆನ್ಸ್ ಬಿಟ್ರೂ 320 ಮೇಲೆ ಡ್ಯೂಟಿ, ಡ್ಯೂಟಿ ಸೇರಿಸಿ ಬಂದದ್ದರ ಮೇಲೆ ಐಜಿಎಸ್‌ಟಿ, ಅಂದ್ರೆ ಆಮದಿಗೆ ಬೀಳೋ ಜಿಎಸ್‌ಟಿ. ಅದಲ್ದೆ ಕಾರ್ಡಲ್ಲಿ ಡಾಲರ್ ಕೊಟ್ರೆ ಬ್ಯಾಂಕ್‌ನವ ಮೂರೂವರೆ ಪರ್ಸೆಂಟ್ ತನಕ ಮಾರ್ಕಪ್ ಹಾಕ್ತಾನೆ, ಅದರ ಮೇಲೂ ಜಿಎಸ್‌ಟಿ. ಕೊರಿಯರ್‌ನವ ಕ್ಲಿಯರೆನ್ಸ್ ಫೀ ಅಂತ ಬೇರೆ ಕೇಳ್ತಾನೆ. ಇದನ್ನೆಲ್ಲ ಕೂಡಿಸಿ ರೂಪಾಯಿಗೆ ತಂದು ನೋಡು, ಆಮೇಲೆ ಹೇಳು ಅಗ್ಗ ಅಂತ.

ಅಂಕೋಲೆ ಮಳೆ
ಸೆಲ್ಲರಿಗೆ ಗಿಫ್ಟ್ ಅಂತ ಬರೆಯೋಕೆ ಹೇಳಿ, ಡ್ಯೂಟಿ ಬರೋದಿಲ್ಲ

ಬೈತಖೋಲ್ ಬಾಸ್
@ಅಂಕೋಲೆ ಮಳೆ ಆ ಕಾಲ ಹೋಯ್ತು. 2019 ಡಿಸೆಂಬರಲ್ಲೇ ಆ ಬಾಗಿಲು ಮುಚ್ಚಿದಾರೆ, ರಾಖಿ ಮತ್ತು ಜೀವ ಉಳಿಸೋ ಔಷಧಿ ಬಿಟ್ಟು. ಅದೂ ಅಲ್ದೆ ಹರಾಜಲ್ಲಿ ದುಡ್ಡು ಕೊಟ್ಟು ತಗೊಂಡದ್ದನ್ನ ಗಿಫ್ಟ್ ಅಂತ ಬರೆದ್ರೆ ಸುಳ್ಳು ಘೋಷಣೆ ಆಗ್ತದೆ, ದಾರೀಲಿ ಮುರಿದ್ರೆ ಕ್ಲೇಮ್ ಮಾಡೋಕೂ ಬರೋದಿಲ್ಲ. 20 ಡಾಲರ್ ಅಂತ ಬರೆಸಿದ್ರೆ 20 ಡಾಲರೇ ಸಿಗೋದು.

ಘಟ್ಟದ ಮೇಲಿನವ
180 ಡಾಲರ್ ಶಿಪ್ಪಿಂಗಾ? ಗಿಟಾರ್ ತೂಕ ಎರಡು ಕೆಜಿ ಇರ್ತದೆ ಅಷ್ಟೇ ಅಲ್ವಾ, ಹಗಲು ದರೋಡೆ.

ಬೈತಖೋಲ್ ಬಾಸ್
ತೂಕ ನೋಡೋದಿಲ್ಲ ಅವ್ರು, ಜಾಗ ನೋಡ್ತಾರೆ. ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಗಿಟಾರ್ ಪೆಟ್ಟಿಗೆ 112 x 48 x 20 ಅಂತ ಇಟ್ಕೋ, ಇಪ್ಪತ್ತೊಂದೂವರೆ ಕೆಜಿ ಆಯ್ತು. ಒಳಗೆ ಗಾಳಿಯೇ ಇದ್ರೂ ಇಪ್ಪತ್ತೊಂದೂವರೆ ಕೆಜಿ ಚಾರ್ಜ್. ನಮ್ಮ ದೇಶದೊಳಗಿನ ಕೊರಿಯರ್ ಕೂಡ ಹೀಗೇ ಲೆಕ್ಕ ಹಾಕ್ತಾರೆ, ಕೆಲವರದ್ದು ಭಾಗಿಸೋ ಅಂಕೆ ಬೇರೆ ಇರ್ತದೆ, ಬುಕ್ ಮಾಡೋ ಮುಂಚೆ ಕೇಳ್ಬೇಕು.

ಕುಮಟೆ ಬಡಿಗ
ತಮ್ಮಾ, ದುಡ್ಡಿನ ಲೆಕ್ಕ ಆಮೇಲೆ. ಎಂಟು ಫೋಟೋ ಎದುರಿಂದ ತೆಗ್ದದ್ದು ಅಂದ್ಯಲ್ಲ, ಅದರಲ್ಲಿ ಒಂದೂ ಪ್ರಯೋಜನ ಇಲ್ಲ. ಹಳೇ ಅಕೌಸ್ಟಿಕ್‌ನಲ್ಲಿ ನೋಡ್ಬೇಕಾದ್ದು ಮುಖ ಅಲ್ಲ, ಕುತ್ತಿಗೆ ಎಷ್ಟು ಬಾಗಿದೆ ಅಂತ. ಐವತ್ತು ವರ್ಷ ತಂತಿ ಎಳೆದೂ ಎಳೆದೂ ಕುತ್ತಿಗೆ ಮುಂದಕ್ಕೆ ಬಂದಿರ್ತದೆ, ಬ್ರಿಡ್ಜಿನ (ಬಾಡಿ ಮೇಲೆ ತಂತಿ ಸಿಕ್ಕಿಸೋ ಮರದ ತುಂಡು) ಹಿಂದೆ ಹೊಟ್ಟೆ ಉಬ್ಬಿರ್ತದೆ, ತಂತಿ ಮೇಲೆದ್ದಿರ್ತದೆ. ಮಾರೋ ಜನ ಎಂತ ಮಾಡ್ತಾರೆ ಅಂದ್ರೆ ಬ್ರಿಡ್ಜಿನ ಮೇಲೆ ತಂತಿ ಕೂರೋ ಸಣ್ಣ ತುಂಡು ಇದೆಯಲ್ಲ, ಸ್ಯಾಡಲ್, ಅದನ್ನ ಉಜ್ಜಿ ಉಜ್ಜಿ ಇಳಿಸ್ತಾರೆ, ಆಕ್ಷನ್ ಅಂದ್ರೆ ತಂತಿಯ ಎತ್ತರ ಸರಿ ಇದೆ ಅಂತ ಕಾಣ್ತದೆ. ಆದ್ರೆ ಇನ್ನು ಉಜ್ಜೋಕೆ ಸ್ಯಾಡಲ್ಲೇ ಇಲ್ಲ. ಅಲ್ಲಿಂದ ಮುಂದೆ ದಾರಿ ಒಂದೇ, ಕುತ್ತಿಗೆ ಬಿಡಿಸಿ ಕೋನ ಸರಿ ಮಾಡಿ ಮತ್ತೆ ಕೂರಿಸೋದು. ಈ ಹಳೇ ಎಫ್‌ಜಿಗಳ ಕುತ್ತಿಗೆ ಅಂಟಿಸಿದ್ದು, ಬೋಲ್ಟ್ ಅಲ್ಲ, ಅದನ್ನ ಬಿಡಿಸೋದು ದೊಡ್ಡ ರಗಳೆ. ಆ ಕೆಲಸದ ಕೂಲಿ ಗಿಟಾರಿನ ಬೆಲೆ ದಾಟ್ತದೆ.

ಸೆಲ್ಲರಿಗೆ ಮೆಸೇಜ್ ಹಾಕು, ಮೂರು ಫೋಟೋ ಕೇಳು. ತಂತಿ ಟ್ಯೂನಲ್ಲಿ ಇರೋವಾಗ ಹನ್ನೆರಡನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಗೆರೆ) ಹತ್ರ ಸ್ಟೀಲ್ ಪಟ್ಟಿ ನಿಲ್ಲಿಸಿ ತೆಗ್ದದ್ದು ಒಂದು, ದಪ್ಪ ತಂತಿಯ ಕೆಳಗೆ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ರೆ ಅಡ್ಡಿಲ್ಲ, ನಾಲ್ಕು ಇದ್ರೆ ಬಿಡು. ಬ್ರಿಡ್ಜನ್ನ ಮಗ್ಗುಲಿಂದ, ಹತ್ತಿರದಿಂದ ಇನ್ನೊಂದು, ಸ್ಯಾಡಲ್ ಎಷ್ಟು ಎದ್ದಿದೆ ಅಂತ ಕಾಣ್ಬೇಕು. ಮತ್ತೆ ಮುಖ್ಯದ್ದು, ಉದ್ದ ಸ್ಟೀಲ್ ಪಟ್ಟಿ ಫ್ರೆಟ್ಟುಗಳ ಮೇಲೆ ಮಲಗಿಸಿ ಬ್ರಿಡ್ಜಿನ ಕಡೆ ದೂಡಬೇಕು. ಪಟ್ಟಿಯ ತುದಿ ಬ್ರಿಡ್ಜಿನ ತಲೆ ಸವರಿಕೊಂಡು ಹೋದ್ರೆ ಕುತ್ತಿಗೆ ಸರಿ ಇದೆ. ಬ್ರಿಡ್ಜಿನ ಎದೆಗೆ ಹೋಗಿ ಗುದ್ದಿದ್ರೆ ಆ ಗಿಟಾರ್ ಬೇರೆಯವ್ರಿಗೆ ಬಿಡು. ಗೀರು, ಪಾಲಿಶ್ ಹೋದದ್ದು, ಇದಕ್ಕೆಲ್ಲ ತಲೆ ಕೆಡಿಸ್ಕೊಳ್ಬೇಡ.

ಶಿರಸಿ ಶ್ರುತಿ
ಬಡಿಗ ಮಾಮ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ, ಆ ಫೋಟೋ ಕೇಳಿದಾಗ ಸೆಲ್ಲರ್ ಹೇಗೆ ಉತ್ತರ ಕೊಡ್ತಾನೆ ಅನ್ನೋದೂ ನೋಡ್ಬೇಕು. ಗಿಟಾರ್ ಬಲ್ಲವ ಆದ್ರೆ ಅರ್ಧ ಗಂಟೇಲಿ ಕಳಿಸ್ತಾನೆ. "ನಂಗೆ ಇದೆಲ್ಲ ಗೊತ್ತಿಲ್ಲ, ನಮ್ಮ ಚಿಕ್ಕಪ್ಪನದ್ದು" ಅಂದ್ರೆ ಸುಳ್ಳೇ ಹೇಳ್ತಾನೆ ಅಂತಲ್ಲ, ಆದ್ರೆ ಪ್ಯಾಕ್ ಮಾಡೋಕೂ ಅವ್ನಿಗೆ ಬರೋದಿಲ್ಲ ಅಂತ ತಿಳ್ಕೊಳ್ಳಿ. ನಂಗೆ ಅದೇ ದೊಡ್ಡ ರಿಸ್ಕ್ ಅನ್ಸೋದು.

ಮತ್ತೆ ಲೇಬಲ್ ನೋಡಿ ಮರುಳಾಗ್ಬೇಡಿ. ಯಮಹಾ ಕಂಪನಿ ಹೆಸರು 1987ರ ತನಕ ನಿಪ್ಪಾನ್ ಗಾಕ್ಕಿ ಅಂತಲೇ ಇತ್ತು, ಹಾಗಾಗಿ ಆ ಹೆಸರು ಇದ್ದ ಮಾತ್ರಕ್ಕೆ ಅಪರೂಪದ್ದು ಅಂತಲ್ಲ. ಎಫ್‌ಜಿ-180 ಬಂದದ್ದು 1966ರಲ್ಲಿ. ಕೆಂಪು ಲೇಬಲ್ ಅಂದ ಕೂಡ್ಲೆ ಜನ ಬಿಡ್ ಏರಿಸ್ತಾರೆ, ಎಷ್ಟೋ ಜನರಿಗೆ ಅದರ ಟಾಪ್, ಅಂದ್ರೆ ಮುಖದ ಹಲಗೆ, ಪ್ಲೈ ಅಂತ ಗೊತ್ತೇ ಇಲ್ಲ.

ಕೋಡಿಬಾಗ ಕಾರ್ಡ್ಸ್
ಪ್ಲೈಯಾ? ಒಂದೇ ಹಲಗೆಯ ಸಾಲಿಡ್ ಟಾಪ್ ಅಲ್ವಾ ಇದು?? ಲಿಸ್ಟಿಂಗಲ್ಲಿ ಸ್ಪ್ರೂಸ್ ಟಾಪ್ ಅಂತ ಇದೆಯಲ್ಲ.

ಶಿರಸಿ ಶ್ರುತಿ
ಸ್ಪ್ರೂಸ್ ಮರ ಹೌದು, ಪದರ ಪದರ ಅಂಟಿಸಿದ ಸ್ಪ್ರೂಸ್. ಸೌಂಡ್‌ಹೋಲ್ (ನಡುವಿನ ದುಂಡು ತೂತು) ಅಂಚಿನ ಫೋಟೋ ದೊಡ್ಡದು ಮಾಡಿ ನೋಡಿ. ಮೇಲಿನ ಮರದ ಗೆರೆ ಅಂಚಿನಲ್ಲಿ ಕೆಳಗೆ ತನಕ ಹಾಗೇ ಇಳಿದಿದ್ರೆ ಸಾಲಿಡ್, ನಡುವೆ ಬೇರೆ ಬಣ್ಣದ ಪದರ ಕಂಡ್ರೆ ಪ್ಲೈ. ಯಾವ ಲಿಸ್ಟಿಂಗಿಗೂ ಇದು ನಡೀತದೆ. ಸಾಲಿಡ್ ಟಾಪೇ ಬೇಕು ಅಂದ್ರೆ ಹೊಸ ಎಫ್‌ಜಿ800 ವಾರಂಟಿ ಸಮೇತ ಇಲ್ಲೇ ಸಿಗ್ತದೆ, ಸಮುದ್ರ ದಾಟಿಸೋದೇ ಬೇಡ.

ಕುಮಟೆ ಬಡಿಗ
ಪ್ಲೈ ಅಂತ ಮೂಗು ಮುರೀಬೇಡಿ. ನಮ್ಮ ಕರಾವಳಿಗೆ ಪ್ಲೈ ಒಳ್ಳೇದೇ. ಗಿಟಾರ್ ಮಾಡೋರು ಹೇಳೋದು ಗಾಳೀಲಿ 45ರಿಂದ 55 ಪರ್ಸೆಂಟ್ ತೇವ ಇರ್ಬೇಕು ಅಂತ. ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಅದು 90ರ ಹತ್ರ ಇರ್ತದೆ. ಸಾಲಿಡ್ ಟಾಪ್ ಆ ನೀರನ್ನೆಲ್ಲ ಕುಡಿದು ಉಬ್ಬಿ ತಂತಿ ಎತ್ತಿ ಹಾಕ್ತದೆ, ದೀಪಾವಳಿ ಕಳೆದ ಮೇಲೆ ಇಳೀತದೆ. ನನ್ನ ಹತ್ರ ಮಳೆಗಾಲದಲ್ಲಿ ಬರೋ ಗಿಟಾರಲ್ಲಿ ಅರ್ಧಕ್ಕರ್ಧ ಇದೇ ಕೇಸು. ಕೆಲವರು ಜುಲೈಯಲ್ಲಿ ಬಂದು ಸ್ಯಾಡಲ್ ಉಜ್ಜಿಸ್ಕೊಂಡು ಹೋಗ್ತಾರೆ, ಜನವರಿಗೆ ತಂತಿ ಝಂಯ್ ಅಂತದೆ ಅಂತ ವಾಪಸ್ ಬರ್ತಾರೆ. ನಾನು ಈಗ ಮಳೆಗಾಲದಲ್ಲಿ ಸ್ಯಾಡಲ್ ಮುಟ್ಟೋದೇ ಇಲ್ಲ, ಬೇಕಾದ್ರೆ ಸಣ್ಣದೊಂದು ಬೇರೆ ಸ್ಯಾಡಲ್ ಮಾಡಿ ಕೊಡ್ತೇನೆ, ಮಳೆಗೊಂದು ಬೇಸಿಗೆಗೊಂದು.

ಘಟ್ಟದ ಮೇಲಿನವ
ಮಳೆಗೊಂದು ಬೇಸಿಗೆಗೊಂದು ಸ್ಯಾಡಲ್, ಇದು ಚಲೋ ಇದ್ದು 😄

ರೋಸ್‌ವುಡ್ ಬಗ್ಗೆ ಕೇಳಿದ್ರಲ್ಲ ಅದಕ್ಕೆ ನಾನು ಹೇಳ್ತೆ. ಯಾರೋ ಹೆದರಿಸಿದ್ದು ಹಳೇ ಸುದ್ದಿ. 2017 ಜನವರಿ 2ರಿಂದ ರೋಸ್‌ವುಡ್ ಜಾತಿಯ ಎಲ್ಲಾ ಮರಗಳನ್ನೂ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ಸೇರಿಸಿದ್ದ್ರು, ಆಗ ಗಿಟಾರ್ ಗಡಿ ದಾಟೋಕೂ ಕಾಗದಪತ್ರ ಬೇಕಿತ್ತು, ಎಷ್ಟೋ ಸೆಲ್ಲರುಗಳು ಹೊರದೇಶಕ್ಕೆ ಕಳಿಸೋದೇ ನಿಲ್ಲಿಸಿದ್ರು. 2019 ನವೆಂಬರ್ 26ರಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದ್ರೆ ಬ್ರೆಜಿಲಿಯನ್ ರೋಸ್‌ವುಡ್ ಮಾತ್ರ ಬೇರೆ, ಅದು 1992ರಿಂದ ಮೊದಲನೇ ಪಟ್ಟಿಯಲ್ಲಿದೆ, ಅದಕ್ಕೆ ಈ ವಿನಾಯಿತಿ ಇಲ್ಲ. ಅರವತ್ತರ ದಶಕದ ಗಿಟಾರುಗಳಲ್ಲಿ ಅದು ಇರೋ ಸಾಧ್ಯತೆ ಇದೆ, ಸೆಲ್ಲರ್ ಹೆಮ್ಮೆಯಿಂದ ಲಿಸ್ಟಿಂಗಲ್ಲಿ ಬ್ರೆಜಿಲಿಯನ್ ಅಂತ ಬರೆದಿದ್ದ್ರೆ ಮುಟ್ಟೋಕೆ ಹೋಗ್ಬೇಡಿ.

ಇಂಡಿಯನ್ ರೋಸ್‌ವುಡ್ ಅಂತ ಅವ್ರು ಡಾಲರ್ ಲೆಕ್ಕದಲ್ಲಿ ಬರೆಯೋದು ನಮ್ಮ ಬೀಟೆ ಮರವೇ ಮಾರಾಯ್ರೆ. ಘಟ್ಟದಲ್ಲಿ ಬೆಳೆಯೋ ಮರ. 1970ರ ಹೊತ್ತಿಗೆ ಬ್ರೆಜಿಲಿನದ್ದು ಸಿಗದೆ ಆದಾಗ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ ಇದಕ್ಕೆ ಬಂತು. ನಮ್ಮನೆ ಹಳೇ ಕಪಾಟಿನ ಬಾಗಿಲು ಬೀಟೆದು, ನಮ್ಮ ಆಯಿ ಅದ್ರ ಮೇಲೆ ಕ್ಯಾಲೆಂಡರ್ ಮೊಳೆ ಹೊಡೆದಿದಾರೆ.

ಹೊನ್ನಾವರ ಹಾರ್ಮನಿ
ಆ ಬಾಗಿಲು ಮಾರೋದಾದ್ರೆ ಹೇಳಿ

ಘಟ್ಟದ ಮೇಲಿನವ
ಆಯಿ ಹತ್ರ ನೀವೇ ಬಂದು ಕೇಳಿ ಭಾವಾ, ನಂಗೆ ಧೈರ್ಯ ಇಲ್ಲೆ

ಕೋಡಿಬಾಗ ಕಾರ್ಡ್ಸ್
ಸೆಲ್ಲರಿಗೆ ಮೆಸೇಜ್ ಹಾಕಿದೇನೆ. ಪ್ಯಾಕಿಂಗ್ ಬಗ್ಗೆಯೂ ಹೇಳ್ಬೇಕಾ? ಅವ್ನು ಬಬಲ್ ರಾಪ್ ಸುತ್ತಿ ಕಳಿಸ್ತೇನೆ ಅಂತ ಬರೆದಿದಾನೆ.

ಶಿರಸಿ ಶ್ರುತಿ
ಬಬಲ್ ರಾಪ್ ಸುತ್ತಿದ್ರೆ ಗೀರು ಬೀಳೋದಿಲ್ಲ, ತಲೆ ಮುರಿಯೋದು ನಿಲ್ಲೋದಿಲ್ಲ. ಸಾಗಾಟದಲ್ಲಿ ಗಿಟಾರ್ ಮುರಿಯೋದು ಹೆಚ್ಚಾಗಿ ಒಂದೇ ಜಾಗದಲ್ಲಿ, ನಟ್ ಹಿಂದೆ, ಕುತ್ತಿಗೆ ತಲೆಗೆ ಸೇರೋ ಕಡೆ. ಪೆಟ್ಟಿಗೆ ಬಿದ್ದಾಗ ಬಾಡಿ ನಿಲ್ತದೆ, ತಂತಿ ಬಿಗಿ ಮಾಡೋ ಟ್ಯೂನರ್‌ಗಳ ಭಾರ ಹೊತ್ತ ತಲೆ ಮಾತ್ರ ಮುಂದಕ್ಕೆ ಹೋಗ್ತದೆ, ಟಕ್ ಅಂತ ಸೀಳ್ತದೆ. ಹಾರ್ಡ್‌ಕೇಸಲ್ಲಿ ಇಟ್ರೂ ಹೀಗಾಗ್ತದೆ ಯಾಕೆಂದ್ರೆ ಕೇಸಿನೊಳಗೆ ತಲೆ ಹತ್ರ ಖಾಲಿ ಜಾಗ ಇರ್ತದೆ. ಹಾಗಾಗಿ ಕೇಸ್ ಮುಚ್ಚೋ ಮುಂಚೆ ತಲೆಯ ಕೆಳಗೆ, ಮೇಲೆ, ಎರಡೂ ಬದಿಗೆ ಕಾಗದ ಉಂಡೆ ಮಾಡಿ ತುಂಬ್ಬೇಕು, ಕುತ್ತಿಗೆ ಕೆಳಗೂ. ತುಂಬಿದ ಮೇಲೆ ಕೇಸ್ ಎತ್ತಿ ಅಲ್ಲಾಡಿಸಿದ್ರೆ ಒಳಗೆ ಏನೂ ಸದ್ದು ಬರ್ಬಾರ್ದು.

ತಂತಿ ಎರಡು ಮೂರು ಸ್ವರ ಸಡಿಲ ಮಾಡೋಕೆ ಹೇಳಿ, ಪೂರ್ತಿ ಬಿಚ್ಚೋದು ಬೇಡ. ಬ್ರಿಡ್ಜ್ ಪಿನ್ ಸಡಿಲ ಇದ್ರೆ ತೆಗೆದು ಕವರಲ್ಲಿ ಹಾಕಿ ಕೇಸಿನ ಪೆಟ್ಟಿಗೇಲಿ ಇಡ್ಲಿ. ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ರಟ್ಟು. ಕೇಸಿನ ಹೊರಗೆ ರಟ್ಟಿನ ಪೆಟ್ಟಿಗೆ, ಕೇಸಿಗೂ ಪೆಟ್ಟಿಗೆಗೂ ನಡುವೆ ಸುತ್ತ ನಾಲ್ಕು ಬೆರಳು ಜಾಗ ತುಂಬಿಸಿದ್ದು. ಗಿಟಾರ್ ಅಂಗಡೀಲಿ ಹೋಗಿ ಕೇಳಿದ್ರೆ ಹೊಸ ಗಿಟಾರ್ ಬಂದ ಖಾಲಿ ಪೆಟ್ಟಿಗೆ ಸುಮ್ನೆ ಕೊಡ್ತಾರೆ, ಸೆಲ್ಲರಿಗೆ ಅದನ್ನೂ ಹೇಳಿ. ಪ್ಯಾಕ್ ಮಾಡೋ ಒಂದೊಂದು ಹಂತದ ಫೋಟೋ ಕಳಿಸೋಕೆ ಹೇಳಿ, ಆಗ ಅವ್ನು ಸರಿಯಾಗಿ ಮಾಡ್ತಾನೆ.

ಹೊನ್ನಾವರ ಹಾರ್ಮನಿ
'ಫ್ರಜೈಲ್' ಸ್ಟಿಕ್ಕರ್ ಅಂಟಿಸೋದ್ರಿಂದ ಉಪಯೋಗ ಇದೆಯಾ?

ಬೈತಖೋಲ್ ಬಾಸ್
ಓದೋರಿಗೆ ಇದೆ.

ಬೇರೆ ದಾರಿಯೂ ಇದೆ. ಅಮೆರಿಕದಲ್ಲಿ ನೆಂಟರು ಇದ್ರೆ ಅವ್ರ ಮನೆಗೆ ತರಿಸಿ ಅವ್ರು ಬರೋವಾಗ ಕೈಯಲ್ಲಿ ತರೋದು. ಅಲ್ಲಿನ ವಿಮಾನ ಕಂಪನಿಗಳು ಹತ್ತೋ ಹೊತ್ತಿಗೆ ಮೇಲಿನ ಗೂಡಲ್ಲಿ ಜಾಗ ಇದ್ರೆ ಗಿಟಾರ್ ಒಳಗೆ ಬಿಡಲೇಬೇಕು ಅಂತ 2015ರಿಂದ ಅಲ್ಲಿನ ಸರ್ಕಾರದ ನಿಯಮ ಇದೆ. ಜಾಗ ಇದ್ರೆ ಅನ್ನೋದು ಮುಖ್ಯ, ಹಾಗಾಗಿ ಲೈನಲ್ಲಿ ಮುಂದೆ ನಿಲ್ಬೇಕು. ಗಲ್ಫ್ ಮೂಲಕ ಬೇರೆ ಏರ್‌ಲೈನಲ್ಲಿ ಬಂದ್ರೆ ಆ ನಿಯಮ ಅನ್ವಯ ಆಗೋದಿಲ್ಲ, ಅವ್ರವ್ರ ರೂಲ್ಸ್ ಕೇಳ್ಬೇಕು.

ಅಂಕೋಲೆ ಮಳೆ
ನೆಂಟ್ರು ತರ್ತಾರೆ ಅಂತ ಕೂತ್ರೆ ಮುಂದಿನ ಗಣೇಶ ಚೌತಿಗೂ ಬರೋದಿಲ್ಲ ಬಿಡಿ

ಬಿಡ್ ಹೇಗೆ ಹಾಕೋದು ಅಂತ ಯಾರೂ ಹೇಳ್ಲೇ ಇಲ್ಲ. ಈಗಿಂದ್ಲೇ ಹತ್ತು ಹತ್ತು ಡಾಲರ್ ಏರಿಸ್ತಾ ಹೋಗ್ಬೇಕಾ?

ಶಿರಸಿ ಶ್ರುತಿ
ಅದು ಮಾತ್ರ ಮಾಡ್ಬೇಡಿ. ಹತ್ತು ಹತ್ತು ಏರಿಸೋದು ಜಿದ್ದಿಗೆ ಬಿದ್ದವರ ಕೆಲಸ, ಕೊನೆಗೆ ಗೆಲ್ಲೋದು ಯಾರಿಗೆ ಲೆಕ್ಕ ತಪ್ಪಿತೋ ಅವ್ರೇ. ಈಬೇ ಥರದ ಸೈಟಲ್ಲಿ ನಿಮ್ಮ ಗರಿಷ್ಠ ಬೆಲೆ ಒಂದೇ ಸಲ ಹಾಕ್ಬಹುದು, ಅದು ಬೇರೆಯವ್ರಿಗೆ ಕಾಣೋದಿಲ್ಲ. ಎದುರಿನವನ ಬಿಡ್‌ಗಿಂತ ಒಂದು ಮೆಟ್ಟಿಲು ಮೇಲಕ್ಕೆ ಅಷ್ಟೇ ಸೈಟು ನಿಮ್ಮ ಪರವಾಗಿ ಏರಿಸ್ತದೆ. ನೀವು 200 ಹಾಕಿ, ಎರಡನೆಯವನ ಗರಿಷ್ಠ 160 ಆದ್ರೆ ನಿಮಗೆ 160 ಚಿಲ್ಲರೆಗೇ ಸಿಗ್ತದೆ. ಹಾಗಾಗಿ ಸಾಗಾಟ, ಡ್ಯೂಟಿ, ಇಲ್ಲಿ ಬಂದ ಮೇಲೆ ಸೆಟಪ್ (ಬಾರಿಸೋಕೆ ಹದ ಮಾಡೋ ಕೆಲಸ) ಖರ್ಚು ಎಲ್ಲ ಕಳೆದು ಉಳಿದದ್ದು ಎಷ್ಟೋ ಅದನ್ನ ಕೊನೇ ನಿಮಿಷದಲ್ಲಿ ಹಾಕಿ ಫೋನ್ ಬದಿಗಿಟ್ಟು ಮಲಗಿ. ಮೊದಲೇ ಹಾಕಿದ್ರೆ ಬೇರೆಯವ್ರು ಕೆಣಕಿ ಕೆಣಕಿ ನಿಮ್ಮ ಗರಿಷ್ಠ ಎಷ್ಟು ಅಂತ ಕಂಡ್ಕೊಳ್ತಾರೆ.

ಹೊನ್ನಾವರ ಹಾರ್ಮನಿ
ಒಂದು ನಿಮಿಷ. ಇದು ಪಿಕ್‌ಗಾರ್ಡ್ ಕೆಳಗೆ ಅರ್ಧಚಂದ್ರ ಥರ ಗೀರು ಇರೋ ಎಫ್‌ಜಿ-180 ಅಲ್ಲ ತಾನೇ? ಆದಿತ್ಯವಾರ ಮುಗಿಯೋದು?

ಕೋಡಿಬಾಗ ಕಾರ್ಡ್ಸ್
ಅದೇ!! ನಿಮಗೆ ಹೇಗೆ ಗೊತ್ತು

ಹೊನ್ನಾವರ ಹಾರ್ಮನಿ
140 ಬಿಡ್ ನಂದು ಮಾರಾಯ

ಘಟ್ಟದ ಮೇಲಿನವ
😂😂😂 ಇಡೀ ಲೋಕದಲ್ಲಿ ಅದರ ಮೇಲೆ ಕಣ್ಣು ಹಾಕಿದ್ದು ಇಬ್ರೇ, ಇಬ್ರೂ ಉತ್ತರ ಕನ್ನಡದವ್ರೇ

ಬೈತಖೋಲ್ ಬಾಸ್
ಇಬ್ರೂ ಹೊಂದಾಣಿಕೆ ಮಾಡ್ಕೊಂಡು ಬೆಲೆ ಇಳಿಸೋ ಪ್ಲಾನ್ ಎಲ್ಲ ಇಲ್ಲಿ ಬರೀಬೇಡಿ, ಅದು ಸರಿ ಅಲ್ಲ. ಅವರವರ ಗರಿಷ್ಠ ಅವರವರು ಹಾಕಿ, ಯಾರಿಗೆ ಬರ್ತದೋ ಬರ್ಲಿ.

ಕೋಡಿಬಾಗ ಕಾರ್ಡ್ಸ್
ಹೌದು, ಹಾಗೇ ಮಾಡ್ವ. ಸೆಲ್ಲರಿಂದ ಫೋಟೋ ಬಂದ್ರೆ ಇಲ್ಲೇ ಹಾಕ್ತೇನೆ, ಹಾರ್ಮನಿ ಅಣ್ಣ ನೀವೂ ನೋಡಿ.

ಇನ್ನೊಂದು, ಬಂದ ಪೆಟ್ಟಿಗೆ ಕೂಡ್ಲೇ ಒಡೀಬಾರ್ದು, ಒಂದು ದಿನ ಹಾಗೇ ಇಡ್ಬೇಕು ಅಂತ ವಿಡಿಯೋದಲ್ಲಿ ನೋಡಿದೆ. ಆದ್ರೆ ಕೊರಿಯರ್‌ನವ್ರು ತಕ್ಷಣ ಕಂಪ್ಲೇಂಟ್ ಕೊಡ್ಬೇಕು ಅಂತಾರೆ. ಎಂತ ಮಾಡೋದು?

ಕುಮಟೆ ಬಡಿಗ
ಆ ವಿಡಿಯೋ ಹಿಮ ಬೀಳೋ ಊರಿನವ್ರದ್ದು. ಚಳೀಲಿ ತಣ್ಣಗಾದ ಗಿಟಾರನ್ನ ಬೆಚ್ಚಗಿನ ರೂಮಲ್ಲಿ ತಟ್ಟನೆ ತೆಗೆದ್ರೆ ಕೆಲವು ಹಳೇ ಪಾಲಿಶ್ ಬಿರುಕು ಬಿಡ್ತದೆ, ಅದಕ್ಕೆ ಹಾಗೆ ಹೇಳ್ತಾರೆ. ನಮ್ಮ ಊರಿಗೆ ಬಂದು ಮುಟ್ಟಿದ್ದಕ್ಕೆ ಅದೆಲ್ಲ ಬೇಡ. ನೀನು ಹೊರಗಿನ ಪೆಟ್ಟಿಗೆ ವಿಡಿಯೋ ಮಾಡ್ತಾ ಒಡೆ, ಮೂಲೆ ಜಜ್ಜಿದೆಯಾ ನೋಡು, ಕೇಸ್ ತೆಗೆದು ತಲೆ ಕಡೆ ಒಂದು ಸಲ ನೋಡು, ಮತ್ತೆ ಮುಚ್ಚಿ ಒಂದು ರಾತ್ರಿ ಇಡು. ತಂತಿ ಏರಿಸೋಕೆ ಅವಸರ ಬೇಡ. ಒಣ ಊರಿಂದ ಬಂದ ಮರ ನಮ್ಮ ಗಾಳಿ ಕುಡಿಯೋಕೆ ವಾರಗಟ್ಲೆ ತಗೊಳ್ತದೆ, ಅದು ನಿಂತ ಮೇಲೆ ಸೆಟಪ್ ಮಾಡಿಸು.

ಶಿರಸಿ ಶ್ರುತಿ
ಕೇಸಿನೊಳಗೆ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯೋ ಮೀಟರ್) ಇಡಿ, ಆದ್ರೆ ಅಗ್ಗದ್ದು ಹತ್ತು ಪರ್ಸೆಂಟ್ ಆಚೀಚೆ ಸುಳ್ಳು ಹೇಳ್ತದೆ. ಪರೀಕ್ಷೆ ಸುಲಭ. ಬಾಟ್ಲಿ ಮುಚ್ಚಳದಲ್ಲಿ ಉಪ್ಪು ಹಾಕಿ ನಾಲ್ಕು ಹನಿ ನೀರು, ಕರಗ್ಬಾರ್ದು, ಒದ್ದೆ ಮರಳಿನ ಹಾಗೆ ಆಗ್ಬೇಕು. ಅದನ್ನೂ ಮೀಟರನ್ನೂ ಜಿಪ್ ಕವರಲ್ಲಿ ಹಾಕಿ ರಾತ್ರಿ ಇಡೀ ಬಿಡಿ. ಬೆಳಿಗ್ಗೆ 75 ತೋರಿಸ್ಬೇಕು. 69 ತೋರಿಸಿದ್ರೆ ನಿಮ್ಮ ಮೀಟರ್ ಆರು ಕಮ್ಮಿ ಹೇಳ್ತದೆ ಅಂತ ಕೇಸ್ ಮೇಲೆ ಬರ್ಕೊಳ್ಳಿ.

ಅಂಕೋಲೆ ಮಳೆ
ಸಾಣಿಕಟ್ಟಾ ಉಪ್ಪು ನಡೀತದಾ ಮನೇಲಿ ಅದೇ ಇರೋದು

ಶಿರಸಿ ಶ್ರುತಿ
ಊಟಕ್ಕೆ ಅದೇ ಬೆಸ್ಟ್, ಇದಕ್ಕೆ ಬೇಡ. ಕಲ್ಲುಪ್ಪಿನಲ್ಲಿ ಮೆಗ್ನೀಶಿಯಂ ಕ್ಲೋರೈಡ್ ಇರ್ತದೆ, ಮಳೆಗಾಲದಲ್ಲಿ ಭರಣೀಲಿ ನೀರಾಗೋದು ಅದರಿಂದ್ಲೇ. ಅದು ಇದ್ರೆ ಅಳತೆ 75ಕ್ಕಿಂತ ಕೆಳಗೆ ಬರ್ತದೆ. ಪ್ಯಾಕೆಟ್ ಪುಡಿ ಉಪ್ಪು ಹಾಕಿ.

ಘಟ್ಟದ ಮೇಲಿನವ
ನಮ್ಮಲ್ಲಿ ಹಾರ್ಮೋನಿಯಂ ಇಡೋ ಕಪಾಟಲ್ಲಿ ಅಪ್ಪಯ್ಯ ಮಳೆಗಾಲ ಪೂರ್ತಿ ಜೀರೋ ಬಲ್ಬ್ ಉರಿಸ್ತಿದ್ರು, ಗಿಟಾರಿಗೂ ನಾನು ಅದೇ ಮಾಡ್ತಿದ್ದೆ, ಏನೂ ಆಗ್ಲಿಲ್ಲ.

ಕುಮಟೆ ಬಡಿಗ
ಬಲ್ಬ್ ಕೆಳಗಿರ್ಲಿ, ಗಿಟಾರ್ ದೂರ ಇರ್ಲಿ, ಬಟ್ಟೆ ಗಿಟ್ಟೆ ಹತ್ರ ಇರೋದು ಬೇಡ. ಈಗಿನ ಎಲ್‌ಇಡಿ ಜೀರೋ ಬಲ್ಬ್ ಹಾಕಿ ಪ್ರಯೋಜನ ಇಲ್ಲ, ಅದು ಬಿಸಿ ಆಗೋದೇ ಇಲ್ಲ. ಕೇಸಲ್ಲಿ ಸಿಲಿಕಾ ಜೆಲ್ ದೊಡ್ಡ ಪೊಟ್ಟಣ ಹಾಕಿ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕೋದು ಸಾಕು. ಗೋಡೆಗೆ ಮಾತ್ರ ತೂಗು ಹಾಕ್ಬೇಡಿ, ಸಮುದ್ರ ಬದಿ ಮನೇಲಿ ತಂತಿ ಮೂರೇ ವಾರದಲ್ಲಿ ತುಕ್ಕು.

ಕೋಡಿಬಾಗ ಕಾರ್ಡ್ಸ್
ಫೋಟೋ ಬಂತು. ಸೆಲ್ಲರ್ ಒಳ್ಳೇ ಮನುಷ್ಯ, ಕೇಳಿದ ಮೂರೂ ಕಳಿಸಿದಾನೆ. ಪಟ್ಟಿಯ ತುದಿ ಬ್ರಿಡ್ಜಿನ ಅರ್ಧ ಎತ್ತರಕ್ಕೆ ಗುದ್ದಿದೆ. ಸ್ಯಾಡಲ್ ಕಾಣೋದೇ ಇಲ್ಲ, ಒಂದು ಮಿಲಿಮೀಟರ್ ಇದ್ರೆ ಹೆಚ್ಚು. ಹನ್ನೆರಡನೇ ಫ್ರೆಟ್ಟಲ್ಲಿ ನಾಲ್ಕರ ಮೇಲೆ.

ಕುಮಟೆ ಬಡಿಗ
ಬಿಡು ಅದನ್ನ. ಸ್ಯಾಡಲ್ ಮುಗಿದಿದೆ, ಆದ್ರೂ ಆಕ್ಷನ್ ನಾಲ್ಕು. ಕುತ್ತಿಗೆ ಬಿಡಿಸದೆ ಅದು ಸರಿ ಆಗೋದಿಲ್ಲ.

ಹೊನ್ನಾವರ ಹಾರ್ಮನಿ
ಅಯ್ಯೋ ನನ್ನ 140 ಅಲ್ಲೇ ಇದೆಯಲ್ಲ, ಈಗ ವಾಪಸ್ ತೆಗೆಯೋಕೂ ಬರೋದಿಲ್ಲ. ಯಾರಾದ್ರೂ 150 ಹಾಕ್ಲಪ್ಪ ದೇವರೇ

ಬೈತಖೋಲ್ ಬಾಸ್
ಇಡಗುಂಜಿ ಗಣಪನಿಗೆ ಕಾಯಿ ಹೇಳ್ಕೋ

ಕೋಡಿಬಾಗ ಕಾರ್ಡ್ಸ್
ಅಪ್‌ಡೇಟ್: ಆದಿತ್ಯವಾರ ರಾತ್ರಿ 235 ಡಾಲರಿಗೆ ಯಾರೋ ಹೊಡ್ಕೊಂಡ್ರು, ನಾವಿಬ್ರೂ ಅಲ್ಲ. ಹಾರ್ಮನಿ ಅಣ್ಣ ಬಚಾವ್.

ಈಗ ಧಾರವಾಡದಲ್ಲಿ ಒಬ್ರ ಹತ್ರ ಹಳೇ ಎಫ್‌ಜಿ ಒಂದು ಇದೆ ಅಂತ ಗೊತ್ತಾಯ್ತು, ಪಟ್ಟಿ ಇಟ್ಟ ಫೋಟೋ ತರಿಸಿದೆ, ಬ್ರಿಡ್ಜಿನ ತಲೆ ಸವರಿಕೊಂಡೇ ಹೋಗ್ತದೆ. ಹಾರ್ಡ್‌ಕೇಸ್ ಇದೆ. ಲಾರೀಲಿ ಹಾಕಿಸ್ಲಾ, ಬಸ್ಸಲ್ಲಾ?

ಬೈತಖೋಲ್ ಬಾಸ್
ಲಾರಿ ಪಾರ್ಸೆಲ್ ಆದ್ರೆ ಎಲ್‌ಆರ್ ಕಾಗದ (ಲಾರಿಯವ್ರು ಕೊಡೋ ರಸೀದಿ) ಓದಿ ಸಹಿ ಹಾಕ್ಸು. 'ಓನರ್ಸ್ ರಿಸ್ಕ್' ಅಂತ ಟಿಕ್ ಇದ್ರೆ ಮುರಿದದ್ದು ನಿನ್ನ ತಲೆಗೇ. ಸ್ವಲ್ಪ ಹೆಚ್ಚು ಕೊಟ್ಟು ಕ್ಯಾರಿಯರ್ಸ್ ರಿಸ್ಕ್, ಅಂದ್ರೆ ಹೊಣೆ ಲಾರಿಯವ್ರದ್ದು ಅಂತ ಹಾಕಿಸ್ಬಹುದು, ಬೆಲೆ ಬರೆಸ್ಬೇಕು. 2024 ಜುಲೈಲಿ ಶಿರೂರು ಗುಡ್ಡ ಕುಸಿದಾಗ ನಂದೊಂದು ಆಂಪ್ಲಿಫೈಯರ್ ಹುಬ್ಬಳ್ಳಿ ಗೋಡೌನಲ್ಲೇ ಕೂತಿತ್ತು, ಜನ ಹೋದ ಹೊತ್ತಲ್ಲಿ ಅದನ್ನ ಕೇಳೋಕೂ ಮನಸ್ಸು ಬರ್ಲಿಲ್ಲ. ಮಳೆಗಾಲದಲ್ಲಿ ಗಿಟಾರ್ ಮಾತ್ರ ಹಾಗೆ ಬಿಡ್ಬೇಡ.

ಶಿರಸಿ ಶ್ರುತಿ
ಧಾರವಾಡ ಅಷ್ಟೇ ಅಲ್ವಾ, ನೀವೇ ಹೋಗಿ ಬಾರಿಸಿ ನೋಡಿ ತನ್ನಿ. ಎಲ್ಲಾ ಫ್ರೆಟ್ಟಲ್ಲೂ ಒಂದೊಂದು ತಂತಿ ಮೀಟಿ, ಒಳಗೆ ಕೈ ಹಾಕಿ ಬ್ರೇಸ್ (ಹಲಗೆಗೆ ಆಧಾರದ ಮರದ ಪಟ್ಟಿ) ಬಿಟ್ಟಿದೆಯಾ ಬೆರಳಲ್ಲಿ ತಟ್ಟಿ ನೋಡಿ, ಬಿಟ್ಟಿದ್ರೆ ಟಕಟಕ ಅಂತದೆ. ವಾಪಸ್ ಬರೋವಾಗ ಅರಬೈಲು ಘಟ್ಟದಲ್ಲಿ ಕೇಸ್ ಮಡಿಲಲ್ಲಿ ಇಟ್ಕೊಳ್ಳಿ, ಬಸ್ಸಿನ ಡಿಕ್ಕಿಗೆ ಹಾಕ್ಬೇಡಿ, ಇಂಜಿನ್ ಕಡೆ ಬಿಸಿಗೆ ಬ್ರಿಡ್ಜಿನ ಅಂಟು ಬಿಡ್ತದೆ.

ಕುಮಟೆ ಬಡಿಗ
ತಂದ ಮೇಲೆ ಹದಿನೈದು ದಿನ ಬಿಟ್ಟು ನನ್ನ ಹತ್ರ ತಾ. ಹಳೇ ತಂತಿ ಬಿಚ್ಚಿ ತರ್ಬೇಡ, ಹೇಗಿದೆಯೋ ಹಾಗೇ ಬೇಕು. ಬುಧವಾರ ಸಂತೆ ದಿನ ಬರ್ಬೇಡ, ನಾನು ಸಿಗೋದಿಲ್ಲ.

ಹೊನ್ನಾವರ ಹಾರ್ಮನಿ
ಧಾರವಾಡದವ್ರ ಹತ್ರ ಇನ್ನೊಂದು ಇದೆಯಾ ಕೇಳು ಮಾರಾಯ